ಆಲ್ಬಮ್ಮಿನೊಳಗೆ ಅಮ್ಮ

ಗಂಟಲಿನ ಆಪರೇಷನ್ ಆದ ಮೇಲೆ ಅಮ್ಮನ ಧ್ವನಿ ಹೋಯಿತು. ಜೀವ ಉಳಿಯಿತಲ್ಲ, ಅಷ್ಟೇ ಸಾಕು ಎಂದುಕೊಂಡೆ. ಆಮೇಲೆ ಒಂದು ದಿನ ಆ ಧ್ವನಿ ಕೇಳಬೇಕೆನಿಸಿ ಫೋನು ಜಾಲಾಡಿದರೆ ಎಲ್ಲೂ ಇಲ್ಲ. ರೆಕಾರ್ಡ್ ಮಾಡಲು ಹೋದಾಗಲೆಲ್ಲ, "ದಿನಾ ಬೈಸ್ಕೊಳ್ಳೋದು ಸಾಲ್ದಾ? ಅದನ್ನ ಬೇರೆ ಕೂಡಿಡ್ಬೇಕಾ?" ಎಂದು ಫೋನನ್ನು ತಳ್ಳಿಬಿಡುತ್ತಿದ್ದಳು. ಈಗ ನೆನಪಿನಲ್ಲಿದ್ದ ಧ್ವನಿಯೂ ಸವೆಯತೊಡಗಿತ್ತು. ಅದು ಪೂರ್ತಿ ಮರೆತುಹೋದರೆ ಎಂಬ ಹೆದರಿಕೆ ನನ್ನನ್ನು ಹಿಡಿಯಿತು.

ಮದುವೆಯಾದ ಹೊಸದರಲ್ಲಿ ಅಪ್ಪ ಅಮ್ಮ ಸಮುದ್ರದ ನಡುವಿನ ಪುಟ್ಟ ದ್ವೀಪ ದೇಶವೊಂದರಲ್ಲಿದ್ದರು. ಅಪ್ಪ ಹಡಗಿನಲ್ಲಿ ಅಡುಗೆಯವರು. ಅಮ್ಮ ಲಾಂಡ್ರಿಯಲ್ಲಿ ಹೋಟೆಲುಗಳ ಚಾದರ, ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಹುಟ್ಟಿದ್ದೂ ಅಲ್ಲೇ. ಲಾಂಡ್ರಿಯ ಕೆಳಗಿನ ಗೋದಾಮಿನಲ್ಲಿ ಕೆಲವು ಹುಡುಗರು ಪಂಕ್ ರಾಕ್ ಬಾರಿಸುತ್ತಿದ್ದರಂತೆ. ಗಿಟಾರಿನ ಮೇಲೆ ಹಳೇ ಹಗೆ ತೀರಿಸಿಕೊಳ್ಳುವಂಥ ಸಂಗೀತ ಅದು. "ಒಂದಿನ ತಡ್ಕೊಳ್ಳಕ್ಕಾಗ್ದೆ ಕೆಳಗಿಳಿದು ಹೋಗಿ ಚೆನ್ನಾಗಿ ಉಗಿದೆ, ನಮ್ಮ ಭಾಷೇಲೇ! ಬೆಪ್ಪಾಗಿ ನಿಂತ್ರು" ಎಂದು ಅಮ್ಮ ಹೇಳಿಕೊಂಡು ನಗುತ್ತಿದ್ದಳು.

ಆಗ ಅವರು ರೆಕಾರ್ಡಿಂಗ್ ಮಾಡುತ್ತಿದ್ದು, ಅದರಲ್ಲಿ ಅಮ್ಮನ ಬೈಗುಳವೂ ಸೇರಿಕೊಂಡಿದ್ದರೆ ಎಂಬ ಆಸೆಯಿಂದ ಆ ಮಾತಿನ ಜಾಡು ಹಿಡಿದು ಹುಡುಕಿದೆ. ಅಷ್ಟು ಸಣ್ಣ ದೇಶದಲ್ಲಿ ಆ ಕಾಲದ ಪಂಕ್ ಆಲ್ಬಮ್ ಸಿಕ್ಕಿದ್ದು ಒಂದೇ. ಅದರ ಹಿಂಬದಿಯ ಚಿತ್ರದಲ್ಲಿ ಅಮ್ಮ ಹೇಳುತ್ತಿದ್ದ ಅದೇ ಲಾಂಡ್ರಿಯ ಬೋರ್ಡು ಕಂಡಿತು. ಡ್ರಮ್ ಬಾರಿಸಿದವರಿಗೆ ಬರೆದೆ. ಈಗ ಮೊಮ್ಮಕ್ಕಳನ್ನು ಆಡಿಸುತ್ತಿರುವ ಅವರು ಪುಣ್ಯಾತ್ಮರು, ಹಾಡನ್ನೇ ಕಳಿಸಿಕೊಟ್ಟರು. "ಆಕೆ ಬೈದದ್ದನ್ನು ಅಳಿಸಲು ಮನಸ್ಸಾಗಲಿಲ್ಲ. ನಾವು ಸಿಟ್ಟಿನ ನಾಟಕ ಆಡುತ್ತಿದ್ದೆವು. ಇಡೀ ಆಲ್ಬಮ್ಮಿನಲ್ಲಿ ನಿಜವಾದ ಸಿಟ್ಟು ಆಕೆಯದೊಂದೇ" ಎಂದಿದ್ದರು.

ಅಮ್ಮನ ಪಕ್ಕ ಕೂತು ಹಾಡು ಹಾಕಿದೆ. ಗದ್ದಲ ತಟ್ಟನೆ ನಿಂತು, ಬಾಗಿಲು ಧಡ್ಡೆಂದಿತು.

"ಏ, ನಿಲ್ಸ್ರೋ! ನಿಮ್ಗೇನು ದಾಡಿ ಬಂದಿದೆ? ಹೇಳೋರು ಕೇಳೋರು ಯಾರೂ ಇಲ್ವಾ ನಿಮ್ಗೆ?"

ನನ್ನಮ್ಮ! ಮನೆ ತುಂಬುವ ಅದೇ ಗದರಿಕೆ. ಮುಖ ಕಾಣದ ಆ ಹುಡುಗರಿಗೆಲ್ಲ ಕೈಮುಗಿಯಬೇಕೆನಿಸಿತು. ಅಳು ಒತ್ತರಿಸಿ ಬಂದು ತಡೆದುಕೊಳ್ಳಲಾಗಲಿಲ್ಲ.

ಅಮ್ಮನ ಗಮನ ಮಾತ್ರ ಬೈಗುಳದ ಮೇಲಿರಲಿಲ್ಲ. ಮತ್ತೆ ಹಾಕು ಎಂದು ಸನ್ನೆ ಮಾಡಿದಳು. ಎರಡನೇ ಸಲ, ಅವಳು ಬೈಯುತ್ತ ಉಸಿರೆಳೆದುಕೊಳ್ಳುವಲ್ಲಿ, ನನಗೂ ಕೇಳಿಸಿತು. ಕಂಕುಳಲ್ಲಿದ್ದ ಕೂಸು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಅದು ನಾನು.

ಅಮ್ಮ ಫೋನು ಕಸಿದುಕೊಂಡು ಕಿವಿಗೆ ಒತ್ತಿಕೊಂಡಳು. ಇನ್ನೊಂದು ಕೈಯಿಂದ, ನಾನು ಅಳು ನಿಲ್ಲಿಸುವವರೆಗೂ, ಮೆಲ್ಲಗೆ ನನ್ನ ಬೆನ್ನು ತಟ್ಟುತ್ತಿದ್ದಳು.