ಬಿಲದ ಬಾಗಿಲು ತಟ್ಟುವ ಲ್ಯಾನ್ಸಿ ಸರ್

ಸೌದಿಯ ಬುರೈದಾ ಪಟ್ಟಣದ ಹೊರಗಿನ ಮರಳಿನಲ್ಲಿ ಯಾರಾದರೂ ಬೋರಲು ಮಲಗಿ ನೆಲದೊಡನೆ ಮಾತಾಡುತ್ತಿದ್ದರೆ ಅದು ಮಂಗಳೂರಿನ ಲ್ಯಾನ್ಸಿ ಸರ್ ಎಂದೇ ತಿಳಿಯಬೇಕು. ಮರುಭೂಮಿಯ ಕುಪ್ಪಳಿಸುವ ಇಲಿಗಳ ಬಿಲಗಳನ್ನು ಅಧ್ಯಯನ ಮಾಡುವ ಅವರಿಗೆ ಇಲಿಗಳ ಮೇಲಿರುವಷ್ಟು ಮರ್ಯಾದೆ ಮನುಷ್ಯರ ಮೇಲಿಲ್ಲ ಎಂಬುದು ಜೀಪು ಓಡಿಸುವ ಭಟ್ಕಳದ ಝುಹೈರನ ದೂರು. ಬಿಲದ ಹತ್ತಿರ ಸೀನಿದರೂ ಮುಖ ಗಂಟಿಕ್ಕುತ್ತಾರೆ. ನೆತ್ತಿ ಸುಡುವ ಬಿಸಿಲಿನಲ್ಲೂ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ, ಬಿಲದೊಳಗೆ ಇಳಿಸುವ ಕ್ಯಾಮೆರಾಕ್ಕೆ ಹೊದಿಸುತ್ತಾರೆ. ಮೊದಲ ದಿನ ಬಾಯಿ ತೆರೆದ ಬಿಲವೊಂದನ್ನು ಕಂಡು ಝುಹೈರ್ "ಇಲ್ಲುಂಟು ಸರ್" ಎಂದಾಗ ಅವರು ನಕ್ಕುಬಿಟ್ಟಿದ್ದರು. "ಅದು ಖಾಲಿ ಮಾರಾಯ. ಒಳಗೆ ಜನ ಇದ್ರೆ ಹಗಲಿಗೆ ಬಾಗಿಲಿಗೆ ಮರಳು ತುಂಬಿಸಿ ಮುಚ್ಚಿರ್ತಾರೆ." ಇಲಿಗಳನ್ನು ಅವರು ಜನ ಎಂದೇ ಕರೆಯುವುದು. ಮುಚ್ಚಿದ ಬಿಲ ಸಿಕ್ಕಿತೆಂದರೆ ಬೆರಳಿನಿಂದ ಮೆಲ್ಲಗೆ ತಟ್ಟಿ, "ಸ್ವಲ್ಪ ತೊಂದರೆ ಕೊಡ್ತೇನೆ ಆಯ್ತಾ" ಎಂದು ಹೇಳಿಯೇ ಮರಳು ಸರಿಸುತ್ತಾರೆ. ಕೆಲಸ ಮುಗಿದ ಮೇಲೆ ಮೊದಲಿದ್ದ ಹಾಗೆ ಮುಚ್ಚದೆ ಜೀಪು ಹತ್ತುವುದಿಲ್ಲ. ಮೊನ್ನೆ ಅವರನ್ನು ಕರೆದೊಯ್ಯಲು ಹೋದ ಝುಹೈರ್, ಅವರು ಫ್ಲ್ಯಾಟಿನ ಬಾಗಿಲನ್ನು ಹಾರುಹೊಡೆದು ಬಿಟ್ಟು ಮೆಟ್ಟಿಲಿಳಿಯುವುದನ್ನು ಕಂಡ. ಹೆಂಡತಿ ವಿನ್ನಿ, ಮಗಳ ಓದಿಗೆಂದು ಅವಳನ್ನು ಕರೆದುಕೊಂಡು ಊರಿಗೆ ಹೋಗಿ ಒಂದು ವಾರವಾಗಿತ್ತಷ್ಟೆ. "ಬಾಗಿಲು ಹಾಕ್ಲಿಲ್ಲ ಸರ್" ಎಂದ ಝುಹೈರ್. ಲ್ಯಾನ್ಸಿ ಸರ್ ತಿರುಗಿಯೂ ನೋಡಲಿಲ್ಲ. "ಒಳಗೆ ಯಾರಿದ್ದಾರೆ ಮಾರಾಯ" ಎಂದರು. ಝುಹೈರ್ ಮೇಲೆ ಹತ್ತಿ ಹೋಗಿ, ಮೊದಲಿದ್ದ ಹಾಗೆ ಬಾಗಿಲು ಮುಚ್ಚಿ ಬಂದ.