ಅಳಬಾರದೆಂಬ ಅಪ್ಪಣೆ

ಅಪ್ಪ ತೀರಿಕೊಂಡ ದಿನ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಮುಳಬಾಗಿಲು ಕಡೆಯ ನಮ್ಮೂರಿನಲ್ಲಿ ಸಾವಾದರೆ ಹೆಂಗಸರು ಎದೆ ಬಡಿದುಕೊಂಡು, ಸತ್ತವರ ಗುಣ ಹಾಡಿಕೊಂಡು ಅಳುತ್ತಾರೆ. ನಮ್ಮ ಅಂಗಳದಲ್ಲಿ ಮಾತ್ರ ಸದ್ದಿರಲಿಲ್ಲ. ನನಗೆ ಅಳು ಬಂದಾಗ ಅಪ್ಪನ ಅಕ್ಕ, ನನ್ನ ಅತ್ತೆ, ನನ್ನ ತೊಡೆ ಒತ್ತಿ ಹಿಡಿದು, "ಊರ್ಕೋ" ಅಂದಳು. ಮನೆಯಲ್ಲಿ ನಾವು ಆಡುವುದು ಕನ್ನಡ. ಸುಮ್ಮನಿರು ಎನ್ನುವ ಈ ಮಾತು ಮಾತ್ರ ತೆಲುಗಿನಲ್ಲೇ ಉಳಿದುಬಂದಿದೆ. ಸುಮ್ಮನಾದೆ. ಆಮೇಲೆ ಅಳು ಬರಲೇ ಇಲ್ಲ. ತಿಥಿ ಮುಗಿಸಿ ಶ್ರೀನಿವಾಸಪುರಕ್ಕೆ ವಾಪಸಾಗಿ, ನಾನು ಕಲಿಸುವ ಹೈಸ್ಕೂಲಿನಲ್ಲಿ ಬಿಟ್ಟಲ್ಲಿಂದ ಸಮಾಜ ಪಾಠ ಮುಂದುವರಿಸಿದೆ.

ಈ ಕಟ್ಟುಪಾಡಿನ ಕಾರಣವನ್ನು ಅತ್ತೆಯೇ ನನಗೆ ಚಿಕ್ಕಂದಿನಲ್ಲಿ ಹೇಳಿದ್ದಳು. ನಮ್ಮ ವಂಶದ ಹಿರಿಯನೊಬ್ಬ ಪಾಳೇಗಾರನ ಬೆಟ್ಟದ ಕೋಟೆಗೆ ಕಾವಲಿಗಿದ್ದ. ಪರಂಗಿಯವರ ಸಿಪಾಯಿಗಳು ಬಂದು, ಊರಲ್ಲಿರುವ ಈಟಿ, ಕೋವಿಯನ್ನೆಲ್ಲ ಒಪ್ಪಿಸಿ ಎಂದಾಗ ಇವನೂ ಸುತ್ತಲಿನ ಹಳ್ಳಿಗಳ ಕೆಲವರೂ ಒಪ್ಪದೆ ಬೆಟ್ಟ ಹತ್ತಿದರು. ಬಂಡೆ ಉರುಳಿಸಿ ದಾರಿ ಮುಚ್ಚಿ, ಬೇಸಿಗೆಯವರೆಗೂ ತಡೆದರಂತೆ. ಬೆಟ್ಟದ ದೊಣೆಯ ನೀರು ಬತ್ತಿದ ಮೇಲೆ ಕೆಳಗಿಳಿಯಲೇಬೇಕಾಯಿತು. ಇವನನ್ನು ಹಿಡಿದು ಕೆರೆ ಏರಿಯ ಹುಣಸೆಮರಕ್ಕೆ ನೇಣು ಹಾಕಿದರು. ಹೆಣ ಇಳಿಸಬಾರದು, ನೋಡಿ ಅತ್ತವರನ್ನು ಬಂಡಾಯದವರ ಕಡೆಯವರೆಂದು ಹಿಡಿದುಕೊಂಡು ಹೋಗುತ್ತೇವೆ ಎಂದು ಡಂಗುರ ಹೊಡೆಸಿದರು.

ಅವನ ಹೆಂಡತಿಗೆ ಎದೆಹಾಲು ಕುಡಿಯುವ ಕೂಸಿತ್ತು. ಊರಿಗೆ ಇದ್ದದ್ದು ಅದೊಂದೇ ಕೆರೆ. ಕೂಸನ್ನು ಸೊಂಟಕ್ಕೆ ಏರಿಸಿಕೊಂಡು, ಕೊಡ ಹಿಡಿದು, ಅವಳು ದಿನವೂ ಆ ಮರದ ಕೆಳಗೇ ನೀರಿಗೆ ಹೋಗಿಬಂದಳು. ತಲೆ ಎತ್ತಲಿಲ್ಲ. ಕೂಸು ಉಳಿಯಿತು. ನಾವು ಆ ಕೂಸಿನ ಕಡೆಯವರು.

ಅಪ್ಪ ಹೋದ ಮರುವರ್ಷ ಊರಿನವರು ಆ ಹಿರಿಯನಿಗೆ ಪ್ರತಿಮೆ ಮಾಡಿಸಿದರು. ಶಿವಾರಪಟ್ಟಣದಲ್ಲಿ ಕೆತ್ತಿಸಿ, ಲಾರಿಯಲ್ಲಿ ತರಿಸಿ, ಬಸ್ ನಿಲ್ಲುವ ಜಾಗದ ಪಕ್ಕ ಕಟ್ಟೆ ಕಟ್ಟಿ ನಿಲ್ಲಿಸಿದರು. ವಂಶದವರು ಬರಲೇಬೇಕು ಎಂದು ಹೇಳಿಕಳಿಸಿದ್ದರಿಂದ ನಾನು ಹಿಂದಿನ ದಿನವೇ ಊರಿಗೆ ಹೋದೆ.

ಮಧ್ಯಾಹ್ನ ಅತ್ತೆ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಜೊತೆಗೆ ಕೂತೆ. ಪರಂಗಿಯವರು ಹೋಗಿ ಎಷ್ಟೋ ಕಾಲವಾಯಿತಲ್ಲ, ನಾವು ಇನ್ನೂ ಯಾಕೆ ಅಳಬಾರದು ಎಂದು ಕೇಳಿದೆ.

ಅತ್ತೆಯ ಕೈ ನಿಂತಿತು. "ಅಳಬೌದು ಅಂತ ಯಾರಾನ ಬಂದು ಹೇಳಿದ್ರೇನೇ?" ಅಂದಳು.

ಅದರಲ್ಲಿ ಕುಹಕವಿರಲಿಲ್ಲ. ನನಗೇನಾದರೂ ಗೊತ್ತಿದೆಯೇನೋ ಎಂದು ನಿಜವಾಗಿಯೇ ಕೇಳಿದ್ದಳು.

"ನಾನು ಹೇಳ್ತೀನಿ ಅತ್ತೆ. ಅಳಬೋದು."

ಅವಳು ಮತ್ತೆ ಕಾಯಿ ಸುಲಿಯತೊಡಗಿದಳು.

ಮರುದಿನ ಶಾಮಿಯಾನ, ಮೈಕು, ಹಾರ ಎಲ್ಲ ಆಯಿತು. ಪ್ರತಿಮೆಗೆ ದೊಡ್ಡ ಮೀಸೆ, ಎತ್ತಿದ ಕತ್ತಿ. ಭಾಷಣ ಮಾಡಿದವರು ಅವನ ಶೌರ್ಯವನ್ನು ಹೊಗಳಿದರು. ಹೆಂಡತಿಯ ಮಾತು ಯಾರೂ ಎತ್ತಲಿಲ್ಲ. ನನ್ನ ಸರದಿ ಬಂದಾಗ ಪ್ರತಿವರ್ಷ ಮಕ್ಕಳಿಗೆ ಬರೆಸುವ ಬಂಡಾಯದ ಕಾರಣಗಳನ್ನೇ ಹೇಳಿ ಕೂತೆ, ನಾನೂ ಎತ್ತಲಿಲ್ಲ. ಶಾಲು ಹೊದಿಸಿದರು. ಸೆಕೆಯಾಗುತ್ತಿತ್ತು, ಅಷ್ಟೇ.

ಸಂಜೆ ಕುರ್ಚಿಗಳೆಲ್ಲ ಹೋದ ಮೇಲೆ ಅತ್ತೆ, "ಬಾ" ಎಂದು ನನ್ನನ್ನು ಕರೆದುಕೊಂಡು ಪ್ರತಿಮೆಯ ಕಟ್ಟೆಗೆ ಬಂದಳು. ಕಾಲು ಮಡಚಿ ಕೂತು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಾನು ಕಾದೆ. ಏನೂ ಕೇಳಿಸಲಿಲ್ಲ.

"ಹೆಂಗ್ ಸುರು ಮಾಡ್ತಾರೇ?" ಸೆರಗಿನೊಳಗಿಂದಲೇ ಕೇಳಿದಳು.

ಬೇರೆಯವರ ಮನೆಗಳಲ್ಲಿ ಕಂಡದ್ದನ್ನು ನೆನೆದು, ಮೊದಲು ಸತ್ತವರನ್ನು ಕೂಗಿ ಕರೆಯುತ್ತಾರೆ ಎಂದೆ. ಹಿರಿಯನನ್ನು ಕರೆಯುತ್ತಾಳೆ ಅಂದುಕೊಂಡಿದ್ದೆ. ಅವಳು, "ತಮ್ಮಾ" ಅಂದಳು. ನನ್ನ ಅಪ್ಪನನ್ನು ಕರೆದಳು. ಇನ್ನೊಂದು ಸಲ ಕರೆದಳು. ಒಣಕೆಮ್ಮಿನಂಥ ಒಂದು ಸದ್ದು ಬಂದು ನಿಂತುಹೋಯಿತು. ಸೆರಗು ತೆಗೆದಾಗ ಕಣ್ಣು ಒಣಗಿಯೇ ಇತ್ತು.

"ಬರ್ತಿಲ್ಲ ಕಣೇ."

ನನಗೂ ಬರುತ್ತಿಲ್ಲ ಎಂದೆ. ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, ಏನಾಯಿತು, ಇಲ್ಲಿ ಯಾಕೆ ಕೂತಿದ್ದೀರಿ ಎಂದು ವಿಚಾರಿಸಿದಳು. ಏನಿಲ್ಲ, ಸುಮ್ಮನೆ ಎಂದು ಅತ್ತೆ ಹೇಳಿದಳು. ಮನೆಗೆ ಬಂದು ಮುದ್ದೆ ತಿರುವಿದಳು, ಅವರೆಕಾಳಿನ ಸಾರಿಗೆ ಒಗ್ಗರಣೆ ಹಾಕಿದಳು. ಇಬ್ಬರೂ ಉಂಡೆವು.

ಅತ್ತೆ ಈಗಲೂ ಆಗಾಗ ಸಂಜೆ ಅಲ್ಲಿಗೆ ಹೋಗಿ ಕೂರುತ್ತಾಳಂತೆ. ಫೋನು ಮಾಡಿದಾಗ ರಾಗಿಯ ಬಗ್ಗೆ, ಅವಳ ಮಂಡಿನೋವಿನ ಬಗ್ಗೆ ಮಾತಾಡುತ್ತೇವೆ. ಅಳು ಬಂತಾ ಎಂದು ನಾನು ಕೇಳುವುದಿಲ್ಲ.