ಗುಂಡುಸೂಜಿ ಚುಚ್ಚಿದ ಪುಟಗಳು

ನಮ್ಮ ವೆಂಕಟಪ್ಪ ಡಾಕ್ಟರು ಯಾವ ಸಂಶೋಧನಾ ಲೇಖನವನ್ನೂ ಒಂದೇ ಸಲಕ್ಕೆ ಪೂರ್ತಿ ಓದಲು ಬಿಡುತ್ತಿರಲಿಲ್ಲ. ಮದ್ರಾಸಿನಿಂದ ಜೆರಾಕ್ಸ್ ಪ್ರತಿಗಳು ಬಂದೊಡನೆ, ಫಲಿತಾಂಶದ ಪುಟಗಳನ್ನು ಕಾಂಪೌಂಡರ್ ಕೈಯಲ್ಲಿ ಗುಂಡುಸೂಜಿ ಚುಚ್ಚಿ ಮುಚ್ಚಿಸಿಬಿಡುವರು. ಫಲ ನೋಡಿ ಆಯ್ಕೆ ಮಾಡಬಾರದೆಂದು, ಯಾವ ಲೇಖನ ಲೆಕ್ಕಕ್ಕೆ ಸೇರಬೇಕೆಂದು ತೀರ್ಮಾನವಾದ ಮೇಲೆಯೇ ಸೂಜಿ ತೆಗೆಯಬೇಕು. ತೊಂಬತ್ತರ ದಶಕದಲ್ಲಿ ಸೇಲಂನ ಅವರ ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದ ನನಗೆ ಇದೊಂದು ಬಗೆಯ ಮಡಿಯಂತೆ ಕಾಣುತ್ತಿತ್ತು.

ಮೊರಪ್ಪೂರಿನಲ್ಲಿದ್ದ ನನ್ನ ತಾಯಿಗೆ ಹತ್ತು ವರ್ಷದಿಂದ ಕೀಲುವಾತ. ಹಳೆಯ ಗುಳಿಗೆ ನಡೆದಿತ್ತು, ಹೊಸದೊಂದು ಬಂದಿತ್ತು. ಎರಡನ್ನೂ ಎದುರುಬದುರು ಇಟ್ಟು ಯಾರೂ ಪರೀಕ್ಷಿಸಿರಲಿಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿ, ಔಷಧವಿಲ್ಲದ ಹುಸಿ ಗುಳಿಗೆಯೊಡನೆ ಹೋಲಿಸಿದ್ದರು. ಆ ಲೇಖನಗಳಿಂದಲೇ ಯಾವುದು ವಾಸಿಯೆಂದು ಹೇಳಬೇಕಿತ್ತು.

"ಒಬ್ಬ ಮೆಟ್ಟೂರಾಗೆ ಓಡವ್ನೆ, ಇನ್ನೊಬ್ಬ ಎಡಪ್ಪಾಡೀಲಿ ಓಡವ್ನೆ," ಎಂದರು ಡಾಕ್ಟರು. "ಯಾರು ಜೋರು ಅಂತ ಯೋಳ್ಬೇಕಾದ್ರೆ ದಾರಿ ಒಂದೇ ತರ ಇರ್ಬೇಕಲ್ಲಪ್ಪ."

ನನಗೆ ಹೊಸ ಗುಳಿಗೆಯೇ ಗೆಲ್ಲಬೇಕಿತ್ತು. ಅವರು ಊಟಕ್ಕೆ ಹೋದಾಗ ಸೂಜಿ ಬಿಚ್ಚಿ ನೋಡಿದೆ. ಒಂದು ಲೇಖನ ಅದನ್ನು ಬಾಯ್ತುಂಬ ಹೊಗಳಿತ್ತು. ಮತ್ತೆ ಸೂಜಿ ಚುಚ್ಚಿ, ಅದನ್ನು ಆಯ್ದ ಲೇಖನಗಳ ಕಟ್ಟಿನೊಳಗೆ ಸೇರಿಸಿದೆ.

ಮರುದಿನ ಅವರು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ತೂತು ಇರಬೇಕಾದಲ್ಲಿ ನಾಲ್ಕಿದ್ದವು. ಬೈಯಲಿಲ್ಲ. ಮೊದಲ ಪುಟ ತಿರುಗಿಸಿ, ರೋಗ ಹತ್ತಿ ವರ್ಷವೂ ಆಗದವರನ್ನಷ್ಟೇ ಅದಕ್ಕೆ ಸೇರಿಸಿದ್ದರೆಂದು ತೋರಿಸಿದರು.

"ಇದ್ರಾಗೆ ನಿಮ್ಮವ್ವನಂಗಿರೋರು ಒಬ್ರಾದ್ರೂ ಅವ್ರಾ?"

ಇರಲಿಲ್ಲ. ಅದನ್ನು ತೆಗೆದಿಟ್ಟು ಉಳಿದವನ್ನು ಲೆಕ್ಕಹಾಕಿದಾಗ ಎರಡು ಗುಳಿಗೆಗಳಲ್ಲಿ ಯಾವುದು ಮೇಲೆಂದು ಹೇಳುವಂತಿರಲಿಲ್ಲ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಯಾವ್ದು ವಾಸಿ ಅಂತ ನಮಗೆ ಗೊತ್ತಿಲ್ಲ. ಓಗಿ ಅವ್ವನ ಮುಂದೆ ನೀನೇ ಯೋಳು," ಎಂದರು.

ಭಾನುವಾರ ರೈಲು ಹತ್ತಿ ಹೋಗಿ ಹೇಳಿದೆ. ಅವ್ವ ಸೊಟ್ಟಗಾದ ಬೆರಳುಗಳನ್ನು ನೋಡಿಕೊಂಡು, ಹಾಗಾದರೆ ಹಳೆಯದೇ ಇರಲಿ ಎಂದಳು.

ಎರಡು ವರ್ಷದ ಮೇಲೆ ಡಾಕ್ಟರು ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ತಿಳಿಸಲು ಊರಿಗೆ ಹೋದೆ. ಅವ್ವ ಕೈಯಲ್ಲಿದ್ದ ಗುಳಿಗೆ ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು:

"ಅವತ್ತು ಗೊತ್ತಿಲ್ಲ ಅಂತ ನನ್ನ ತಾವ ಯೋಳಕ್ಕೆ ಅವ್ರೇ ತಾನೆ ನಿನ್ನ ಕಳಿಸಿದ್ದು? ಇನ್ಮೇಲೆ ಯಾರು ಕಳಿಸ್ತಾರೆ?"